‘ಮರ್ಸಿ’ ಮತ್ತು ‘ಗ್ರೇಸ್’: ಮಹಿಷನಿಗೆ ದೊರೆತದ್ದೇನು?

ಹೊರನಾಡಿನ ನಗರಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಇಂಗ್ಲಿಷಿನ ಎರಡು ಶಬ್ದಗಳು ಚಲಾವಣೆಯ ನಾಣ್ಯಗಳಂತೆ ಕೈಯಿಂದ ಕೈಗೆ ಓಡಾಡುತ್ತಿವೆ. ಗಣಿತದಲ್ಲಿ ಎರಡು ಅಂಕ ಕಡಮೆ ಬಿದ್ದ ಹುಡುಗ ‘ಗ್ರೇಸ್ ಮಾರ್ಕ್ಸ್’ ಪಡೆದು ತೇರ್ಗಡೆಯಾಗುತ್ತಾನೆ. ಜೀವವಿಮೆಯ ಕಂತು ಕಟ್ಟಲು ಮರೆತ ಗೃಹಸ್ಥನಿಗೆ ‘ಗ್ರೇಸ್ ಪೀರಿಯಡ್’ ಇನ್ನೂ ಮುಗಿದಿಲ್ಲವೆಂಬ ಸಮಾಧಾನ. ಮರಣದಂಡನೆಗೆ ಗುರಿಯಾದ ಕೈದಿಯ ‘ಮರ್ಸಿ ಪಿಟಿಷನ್’ ರಾಷ್ಟ್ರಪತಿಗಳ ಮುಂದಿದೆಯೆಂದು ವೃತ್ತಪತ್ರಿಕೆ ತಿಳಿಸುತ್ತದೆ. ಇವೆರಡಕ್ಕೆ ಕನ್ನಡದಲ್ಲಿ ಅರ್ಥ ಕೇಳಿದರೆ ದಯೆ, ಕೃಪೆ, ಕರುಣೆ, ಅನುಗ್ರಹ ಎಂಬ ಅವೇ ನಾಲ್ಕು ಮಾತುಗಳು ಸ್ಥಾನ ಬದಲಿಸಿ ನಿಲ್ಲುತ್ತವೆ. ಲೋಕವ್ಯವಹಾರಕ್ಕೆ ಇಷ್ಟು ಸಾಕು. ಆದರೆ ನವರಾತ್ರಿಯ ದಿನ ದೇವಿಯ ಮುಂದೆ ಕೈಜೋಡಿಸಿ ನಿಂತವನು ಈ ಎರಡರಲ್ಲಿ ಯಾವುದನ್ನು ಬೇಡುತ್ತಿದ್ದಾನೆ ಎಂಬ ಪ್ರಶ್ನೆ ಎದ್ದರೆ, ಇವುಗಳ ಅಂತರವನ್ನು ಅರಿಯದೆ ಉತ್ತರ ಹೇಳಲಾಗದು.

ಎರಡೂ ಲ್ಯಾಟಿನ್ ಮೂಲದವು. ‘ಮರ್ಸಿ’ಯ ಬೇರು ‘ಮೆರ್ಸೆಸ್’ ಎಂಬ ಮಾತು. ಅದರ ಹಳೆಯ ಅರ್ಥ ಕೂಲಿ, ಸಂಬಳ, ಪ್ರತಿಫಲ. ವ್ಯಾಪಾರಿಯನ್ನು ಹೇಳುವ ‘ಮರ್ಚೆಂಟ್’ ಇದರ ದಾಯಾದಿ. ‘ಗ್ರೇಸ್’ ಹುಟ್ಟಿದ್ದು ‘ಗ್ರಾಟಿಯಾ’ದಿಂದ, ಒಲವು, ಮೆಚ್ಚಿಕೆ, ಕೃತಜ್ಞತೆ ಎಂದು ಅದರ ಅರ್ಥ. ಬೆಲೆಯಿಲ್ಲದೆ ಕೊಟ್ಟದ್ದನ್ನು ಹೇಳುವ ‘ಗ್ರಾಟಿಸ್’ ಇದೇ ಮನೆತನದ್ದು. ಒಂದು ಶಬ್ದ ಅಂಗಡಿಯಿಂದ ಬಂದಿತು, ಇನ್ನೊಂದು ಮುಗುಳ್ನಗೆಯಿಂದ ಬಂದಿತು ಎನ್ನಬಹುದು. ಫ್ರೆಂಚರ ‘ಮೆರ್ಸಿ’, ಸ್ಪೇನಿನವರ ‘ಗ್ರಾಸಿಯಾಸ್’ ಎರಡೂ ಇಂದು ಕೇವಲ ವಂದನೆಯ ಮಾತುಗಳಾಗಿ ಉಳಿದಿರುವುದು ಒಂದು ಸೋಜಿಗ. ಇಂಗ್ಲಿಷಿನಲ್ಲಿ ‘ಗ್ರೇಸ್’ ಎಂದರೆ ಚೆಲುವಾದ ನಡೆನುಡಿಯೂ ಹೌದು. ಸಂಸ್ಕೃತದ ‘ಪ್ರಸಾದ’ವೂ ಹೀಗೆಯೇ. ತಿಳಿಯಾಗಿರುವಿಕೆ, ಪ್ರಸನ್ನತೆ, ಕಾವ್ಯದ ಒಂದು ಗುಣ, ಕೊನೆಗೆ ಗುಡಿಯಲ್ಲಿ ಅಂಗೈಗೆ ಬೀಳುವ ಒಂದು ಹೂವು, ಇಷ್ಟನ್ನೂ ಆ ಒಂದು ಮಾತು ಹೊತ್ತಿದೆ. ಕನ್ನಡ ಬೈಬಲಿನಲ್ಲಿ ‘ಮರ್ಸಿ’ಗೆ ಸಾಮಾನ್ಯವಾಗಿ ಕರುಣೆಯೆಂದೂ ‘ಗ್ರೇಸ್’ಗೆ ಕೃಪೆಯೆಂದೂ ಬೇರೆ ಬೇರೆ ಮಾತುಗಳನ್ನು ಬಳಸಿರುವುದುಂಟು.

ಕ್ರೈಸ್ತ ಬೋಧಕರು ಈ ಭೇದವನ್ನು ಸರಳವಾಗಿ ವಿವರಿಸುತ್ತಾರೆ. ಮಾಡಿದ ತಪ್ಪಿಗೆ ಬರಬೇಕಾದ ಶಿಕ್ಷೆ ಬಾರದಿದ್ದರೆ ಅದು ‘ಮರ್ಸಿ’. ಯೋಗ್ಯತೆಯಿಲ್ಲದಿದ್ದರೂ ಬಾರದ ಭಾಗ್ಯ ಬಂದರೆ ಅದು ‘ಗ್ರೇಸ್’. ವಿವರಣೆ ಅಚ್ಚುಕಟ್ಟಾಗಿದೆ. ಆದರೆ ಅಷ್ಟಕ್ಕೇ ನಿಂತರೆ ಎರಡೂ ಒಂದೇ ಏಣಿಯ ಕೆಳಗಿನ ಮತ್ತು ಮೇಲಿನ ಮೆಟ್ಟಿಲುಗಳೆಂದೂ, ಮೊದಲನೆಯದನ್ನು ಹತ್ತಿದವನೇ ಎರಡನೆಯದಕ್ಕೆ ಹೋಗುವನೆಂದೂ ತೋರುತ್ತದೆ. ವಸ್ತುತಃ ಇವೆರಡೂ ಒಂದನ್ನೊಂದು ಬಿಟ್ಟು ಬರಬಲ್ಲವು. ‘ಗ್ರೇಸ್’ ಇಲ್ಲದ ‘ಮರ್ಸಿ’ ಲೋಕದಲ್ಲಿ ಹೇರಳವಾಗಿದೆ. ‘ಮರ್ಸಿ’ ಇಲ್ಲದ ‘ಗ್ರೇಸ್’ ವಿರಳ. ದಸರೆಯ ಕಥೆಯ ಗರ್ಭದಲ್ಲಿರುವುದು ಆ ವಿರಳವಾದದ್ದೇ.

ಮೊದಲಿನದಕ್ಕೆ ಪ್ರಸಿದ್ಧ ನಿದರ್ಶನ ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’. ನ್ಯಾಯಸಭೆಯಲ್ಲಿ ಪೋರ್ಷಿಯಾ ಆಡುವ, ‘ಮರ್ಸಿ’ಯನ್ನು ಕೊಂಡಾಡುವ ಭಾಷಣವನ್ನು ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. ಆ ಭಾಷಣದ ಅನಂತರ ನಡೆಯುವುದನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಕಡಮೆ. ಷೈಲಾಕನ ತಂತ್ರ ಅವನಿಗೇ ತಿರುಗುತ್ತದೆ. ಡ್ಯೂಕನು ಅವನ ಪ್ರಾಣವನ್ನು ಉಳಿಸುತ್ತಾನೆ. ಅವನು ಬೇಡುವ ಮೊದಲೇ ಉಳಿಸುತ್ತಾನೆ. ಬಳಿಕ ಆಂಟೋನಿಯೋ ತನ್ನ ದಯೆಯ ಷರತ್ತುಗಳನ್ನು ಮುಂದಿಡುತ್ತಾನೆ: ಷೈಲಾಕನ ಆಸ್ತಿ ಕೊನೆಗೆ ಅವನನ್ನು ಬಿಟ್ಟು ಓಡಿಹೋದ ಮಗಳಿಗೂ ಅಳಿಯನಿಗೂ ಸೇರಬೇಕು, ಅವನು ತನ್ನ ಮತವನ್ನು ತೊರೆದು ಕ್ರೈಸ್ತನಾಗಬೇಕು. ಪ್ರಾಣ ಉಳಿಯಿತು, ಆ ಪ್ರಾಣ ಯಾವುದಕ್ಕಾಗಿ ಇತ್ತೋ ಅದೊಂದೂ ಉಳಿಯಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿ ಮುದುಕ ಸಭೆಯಿಂದ ಹೊರಟುಹೋಗುತ್ತಾನೆ. ಸಭೆಯಲ್ಲಿದ್ದವರೆಲ್ಲ ತಾವು ದಯಾವಂತರೆಂದೇ ನಂಬಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಅವರು ದಯಾವಂತರೇ ಸರಿ.

ಇಂತಹ ದಯೆಯ ನೆರಳಿಗೆ ಕನ್ನಡದಲ್ಲಿ ಒಂದು ನಿಷ್ಠುರವಾದ ಹೆಸರುಂಟು: ಹಂಗು. ಶಿಕ್ಷೆಯನ್ನು ಮನ್ನಾ ಮಾಡಿದವನು ಮನ್ನಾ ಮಾಡಿದೆನೆಂಬ ಲೆಕ್ಕವನ್ನು ಮಾತ್ರ ಮನ್ನಾ ಮಾಡುವುದಿಲ್ಲ. ವ್ಯಾಪಾರದಲ್ಲಿ ಕೈಸುಟ್ಟುಕೊಂಡ ತಮ್ಮನ ಸಾಲವನ್ನು ಅಣ್ಣ ತೀರಿಸುತ್ತಾನೆ, ಅವನನ್ನು ಮನೆಗೂ ಸೇರಿಸಿಕೊಳ್ಳುತ್ತಾನೆ, ಮುಂದಿನ ಹತ್ತು ದಸರೆಗಳಲ್ಲಿ ಬೊಂಬೆ ನೋಡಲು ಬಂದ ನೆಂಟರಿಷ್ಟರಿಗೆ ಆ ಸಂಗತಿಯನ್ನು ತಪ್ಪದೆ ಅರುಹುತ್ತಾನೆ. ತಮ್ಮನು ಒಳಕೋಣೆಯಲ್ಲಿ ಕುಳಿತು ಅದನ್ನು ಕೇಳುತ್ತಾನೆ. ಊರಿನ ಮನೆಯನ್ನು ಮಾರಿಸಿ ನಗರದ ಎರಡು ಕೋಣೆಗಳ ಮನೆಗೆ ಕರೆತಂದ ತಂದೆಗೆ ಊಟ, ಔಷಧಿ ಒಂದಕ್ಕೂ ಕೊರತೆಯಿಲ್ಲ. ಆದರೂ ಆ ವೃದ್ಧರು ಕಾಫಿ ಬೇಕೆಂದು ಕೇಳುವ ಮೊದಲು ಸೊಸೆಯ ಮುಖವನ್ನು ನೋಡುತ್ತಾರೆ. ಇಲ್ಲಿ ಯಾರೂ ಕ್ರೂರಿಗಳಲ್ಲ. ಕೊಟ್ಟವರು ಮೇಲೆ, ಪಡೆದವರು ಕೆಳಗೆ ಎಂಬ ಅಂತರವೊಂದು ಅಳಿಯದೆ ನಿಂತಿದೆ, ಅಷ್ಟೆ.

ಕೊಡುವವನ ಈ ಎತ್ತರವನ್ನು ಕಂಡು ಕಾನೂನಿಗೂ ಮುಜುಗರವಾದಂತೆ ತೋರುತ್ತದೆ. 1833ರಲ್ಲಿ ಅಮೆರಿಕದ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಕ್ಷಮಾದಾನವನ್ನು ‘ಗ್ರೇಸ್’ನಿಂದ ಒದಗುವ ಕ್ರಿಯೆಯೆಂದು ವರ್ಣಿಸಿದನು. ಆ ಮೊಕದ್ದಮೆಯ ಅಪರಾಧಿ ಜಾರ್ಜ್ ವಿಲ್ಸನ್ ಅಧ್ಯಕ್ಷರ ಕ್ಷಮೆಯ ಪ್ರಯೋಜನ ತನಗೆ ಬೇಡವೆಂದಿದ್ದನು. ಸ್ವೀಕರಿಸಲೊಲ್ಲದವನ ಮೇಲೆ ಕ್ಷಮೆಯನ್ನು ಹೇರಲಾಗದೆಂದು ನ್ಯಾಯಾಲಯ ತೀರ್ಮಾನಿಸಿತು. ಭಾರತದ ಸಂವಿಧಾನದಲ್ಲಿ 72ನೆಯ ವಿಧಿ ರಾಷ್ಟ್ರಪತಿಗಳಿಗೂ 161ನೆಯ ವಿಧಿ ರಾಜ್ಯಪಾಲರಿಗೂ ಈ ಅಧಿಕಾರವನ್ನು ಕೊಟ್ಟಿವೆ. 2014ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಇದು ಯಾರದೋ ‘ಗ್ರೇಸ್’ ಅಲ್ಲ, ಸಂವಿಧಾನವು ವಿಧಿಸಿದ ಕರ್ತವ್ಯವೆಂದು ಸ್ಪಷ್ಟಪಡಿಸಿತು. ಯೋಗ್ಯವಾದ ಮಾತು. ಪ್ರಭುತ್ವಕ್ಕೆ ಸಲ್ಲುವುದು ‘ಮರ್ಸಿ’. ಅದನ್ನೂ ಹಂಗಿಲ್ಲದೆ, ನಿಯಮದಂತೆ ಸಲ್ಲಿಸಬೇಕು. ಹಾಗೆ ನೋಡಿದರೆ ಶಾಲೆಯ ‘ಗ್ರೇಸ್ ಮಾರ್ಕ್ಸ್’ ಕೂಡ ‘ಮರ್ಸಿ’ಯೇ. ಎಷ್ಟು ವಿಷಯಗಳಲ್ಲಿ, ಎಷ್ಟು ಅಂಕಗಳವರೆಗೆ ಎಂದು ಸುತ್ತೋಲೆ ಹೊರಡಿಸಿ ಹಂಚುವ ಕೃಪೆ ಎಲ್ಲಿಯಾದರೂ ಉಂಟೆ?

‘ಗ್ರೇಸ್’ ಎಂಬುದರ ನಿಜವಾದ ಚಹರೆಯನ್ನು ಕಾಣಬೇಕಾದರೆ ಏಸುಕ್ರಿಸ್ತನು ಹೇಳಿದ ದುಂದುಗಾರ ಮಗನ ದೃಷ್ಟಾಂತಕ್ಕೆ ಹೋಗಬೇಕು. ಪಾಲು ಪಡೆದು ಹೋಗಿ ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯುವ ಸ್ಥಿತಿಗೆ ಇಳಿದ ಮಗನು, ತನ್ನನ್ನು ಆಳುಗಳಲ್ಲೊಬ್ಬನಂತೆ ಇಟ್ಟುಕೊಳ್ಳೆಂದು ಬೇಡುವ ಮಾತನ್ನು ಸಿದ್ಧಮಾಡಿಕೊಂಡು ಮರಳುತ್ತಾನೆ. ಅವನು ಬೇಡಹೊರಟದ್ದು ‘ಮರ್ಸಿ’. ಕೂಲಿ ಎಂಬ ಅದರ ಮೂಲಾರ್ಥ ಸಹಿತವಾಗಿ! ತಂದೆಯಾದರೋ ದೂರದಿಂದಲೇ ಕಂಡು ಓಡಿಬಂದು, ಆ ಮಾತು ಮುಗಿಯುವ ಮೊದಲೇ ನಿಲುವಂಗಿ, ಉಂಗುರ, ಪಾದರಕ್ಷೆ ತರಿಸುತ್ತಾನೆ. ಇಷ್ಟು ವರ್ಷ ದುಡಿದ ಹಿರಿಯ ಮಗ ಸಿಟ್ಟಾಗಿ ಹೊರಗೆ ನಿಂತದ್ದೂ ಕಥೆಯಲ್ಲಿದೆ, ಮತ್ತು ಅವನ ಸಿಟ್ಟು ಅನ್ಯಾಯದ್ದಲ್ಲ. ಕೃಪೆಯು ಲೆಕ್ಕವಿಟ್ಟವರನ್ನು ಯಾವಾಗಲೂ ಸ್ವಲ್ಪ ನೋಯಿಸುತ್ತದೆ.

ಕೃಪೆಗೆ ಕಾರಣ ಬೇಕೆ ಬೇಡವೆ ಎಂಬ ಚರ್ಚೆ ದಕ್ಷಿಣದ ಶ್ರೀವೈಷ್ಣವರಲ್ಲಿ ಶತಮಾನಗಳಿಂದ ನಡೆದುಬಂದಿದೆ. ಮರಿಕೋತಿ ತಾಯಿಯನ್ನು ತಾನೇ ಅಪ್ಪಿಹಿಡಿಯುವಂತೆ ಜೀವನ ಕಡೆಯಿಂದ ಒಂದು ನೆಪವಾದರೂ ಬೇಕೆಂದು ವಡಗಲೆಯವರು. ತಾಯಿಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುವಂತೆ ಅದು ನಿರ್ಹೇತುಕವೆಂದು ತೆಂಗಲೆಯವರು. ತೀರ್ಪು ಏನೇ ಇರಲಿ, ಕೃಪೆಯು ಬೆಲೆಗೆ ಸಿಕ್ಕುವ ವಸ್ತುವಲ್ಲ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಪುರಾಣೇತಿಹಾಸಗಳಲ್ಲಿ ಎರಡಕ್ಕೂ ದೃಷ್ಟಾಂತಗಳಿವೆ. ಸೀತೆಯನ್ನು ಪೀಡಿಸಿದ ಕಾಕಾಸುರನು ರಾಮನ ಕಾಲಿಗೆ ಬಿದ್ದಾಗ ಪ್ರಾಣ ಉಳಿಯಿತು, ಒಂದು ಕಣ್ಣು ಹೋಯಿತು. ಹೂಡಿದ ಅಸ್ತ್ರ ವ್ಯರ್ಥವಾಗಬಾರದು. ಶಿಕ್ಷೆ ಇಳಿಯಿತೇ ಹೊರತು ಇಲ್ಲವಾಗಲಿಲ್ಲ. ಇದು ಅಪ್ಪಟ ‘ಮರ್ಸಿ’. ಶಿಶುಪಾಲನ ಪ್ರಸಂಗ ಇನ್ನೂ ಅರ್ಥವತ್ತಾದದ್ದು. ಸೋದರತ್ತೆಗೆ ಕೊಟ್ಟ ಮಾತಿನಂತೆ ಕೃಷ್ಣನು ಅವನ ನೂರು ಅಪರಾಧಗಳನ್ನು ಸಹಿಸಿದನು. ನೂರು ಎಂಬ ಎಣಿಕೆಯೇ ಇದು ಕ್ಷಮೆಯೆಂದು ಸಾರುತ್ತದೆ. ಎಣಿಕೆಯಿದ್ದುದರಿಂದ ಅದು ಒಂದು ದಿನ ಮುಗಿದುಹೋಯಿತು. ರಾಜಸೂಯದ ಸಭೆಯಲ್ಲಿ ಚಕ್ರ ಎದ್ದಿತು, ತಲೆ ಬಿದ್ದಿತು. ಆಗ ಆ ದೇಹದಿಂದ ಹೊರಟ ತೇಜಸ್ಸು ಕೊಂದವನಲ್ಲಿಯೇ ಸೇರಿಹೋಯಿತೆಂದು ಮಹಾಭಾರತ ಹೇಳುತ್ತದೆ. ಕ್ಷಮೆ ಎಲ್ಲಿ ಮುಗಿಯಿತೋ ಅಲ್ಲಿ, ಅದರ ಆಚೆಯ ದಡದಲ್ಲಿ, ಕೃಪೆ ಕಾದು ನಿಂತಿತ್ತು.

ಮಹಿಷನ ಕಥೆಯೂ ಈ ಜಾತಿಯದು. ದೇವೀಮಾಹಾತ್ಮ್ಯದ ನಾಲ್ಕನೆಯ ಅಧ್ಯಾಯದಲ್ಲಿ, ವಧೆಯಾದ ಬಳಿಕ ಇಂದ್ರಾದಿಗಳು ಮಾಡುವ ಸ್ತುತಿಯಲ್ಲಿ ಒಂದು ವಿಚಿತ್ರವಾದ ಭಾವವಿದೆ. ದೃಷ್ಟಿಮಾತ್ರದಿಂದ ಅಸುರರನ್ನು ಭಸ್ಮ ಮಾಡಬಲ್ಲ ದೇವಿ ಶಸ್ತ್ರವನ್ನೇಕೆ ಹಿಡಿದಳು? ಶಸ್ತ್ರದಿಂದ ಪವಿತ್ರರಾಗಿ ಅವರೂ ಉತ್ತಮ ಲೋಕಗಳನ್ನು ಪಡೆಯಲೆಂದು. ಚಿತ್ತದಲ್ಲಿ ಕೃಪೆ, ಸಮರದಲ್ಲಿ ನಿಷ್ಠುರತೆ, ಎರಡೂ ಒಬ್ಬಳಲ್ಲಿಯೇ ಕಂಡವೆಂದು ದೇವತೆಗಳು ಬೆರಗಾಗುತ್ತಾರೆ. ಆ ಗ್ರಂಥದೊಡನೆ ಪಠಿಸಲಾಗುವ ವೈಕೃತಿಕ ರಹಸ್ಯದಲ್ಲಿ, ದೇವಿಯ ಮುಂದೆ ಎಡಭಾಗದಲ್ಲಿ ತಲೆ ತುಂಡಾದ ಮಹಿಷನನ್ನೂ ಪೂಜಿಸಬೇಕೆಂಬ ವಿಧಿಯಿದೆ. ಅವನು ದೇವಿಯೊಡನೆ ಸಾಯುಜ್ಯ ಪಡೆದವನೆಂಬುದೇ ಅದಕ್ಕೆ ಕಾರಣ. ಕಾಳಿಕಾಪುರಾಣದಲ್ಲಂತೂ ತನ್ನ ಸಾವನ್ನು ಕನಸಿನಲ್ಲಿ ಕಂಡ ಮಹಿಷನು ದೇವಿಯನ್ನು ಆರಾಧಿಸಿ, ಅವಳ ಪಾದಸೇವೆ ತನಗೆ ಎಂದೂ ತಪ್ಪದಿರಲೆಂದು ಬೇಡಿಕೊಳ್ಳುತ್ತಾನೆ. ಪ್ರಾಣವನ್ನು ಉಳಿಸೆಂದು ಅವನು ಕೇಳಲಿಲ್ಲ. ಷೈಲಾಕನಿಗೆ ಪ್ರಾಣ ಸಿಕ್ಕಿತು, ಪಾದ ಸಿಗಲಿಲ್ಲ. ಮಹಿಷನಿಗೆ ಪ್ರಾಣ ಸಿಗಲಿಲ್ಲ, ಪಾದ ಸಿಕ್ಕಿತು. ಮಹಿಷಮರ್ದಿನಿಯ ವಿಗ್ರಹಕ್ಕೆ ಏರಿಸಿದ ಹೂವು ಜಾರಿದರೆ ಬೀಳುವುದು ಅವನ ಮೇಲೆಯೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೊಲ್ಲುವುದೂ ಕೃಪೆಯಾಗಬಹುದಾದರೆ ಪ್ರತಿಯೊಬ್ಬ ಪೀಡಕನೂ ತನ್ನನ್ನು ಕೃಪಾಳುವೆಂದು ಕರೆದುಕೊಳ್ಳುವುದಿಲ್ಲವೆ? ಕರೆದುಕೊಂಡದ್ದುಂಟು. ಆತ್ಮವನ್ನು ಉಳಿಸುವುದಕ್ಕಾಗಿಯೇ ಎಂದು ಯೂರೋಪಿನಲ್ಲಿ ಮತಭ್ರಷ್ಟರನ್ನು ಹಿಂಸಿಸಿದ್ದಾರೆ. ಆಂಟೋನಿಯೋ ಕೂಡ ಷೈಲಾಕನ ಮತಾಂತರದಿಂದ ತಾನು ಅವನಿಗೆ ಸ್ವರ್ಗದ ಬಾಗಿಲು ತೆರೆದೆನೆಂದೇ ವಾದಿಸಬಹುದಿತ್ತು. ಮಗನ ಬೆನ್ನಿನ ಮೇಲೆ ಬಾಸುಂಡೆ ಏಳಿಸುವ ತಂದೆಯ ಬಾಯಲ್ಲೂ ಇದೇ ಸಮರ್ಥನೆ. ಉತ್ತರವಿಷ್ಟೆ: ತಲೆಯನ್ನು ಕಡಿದ ಬಳಿಕ ಸಾಯುಜ್ಯವನ್ನು ಕೊಡಬಲ್ಲವಳು ಕಡಿಯಬಹುದು. ಮನುಷ್ಯನ ಕೈ ಸಾವಿನ ಆಚೆಗೆ ನೀಳುವುದಿಲ್ಲ. ಆದ್ದರಿಂದ ‘ಮರ್ಸಿ’ಯನ್ನು ಬಿಟ್ಟ ‘ಗ್ರೇಸ್’ ಅವನ ಅಧಿಕಾರಕ್ಕೆ ಒಳಪಟ್ಟದ್ದಲ್ಲ. ಅವನು ಮೊದಲು ಶಿಕ್ಷೆಯನ್ನು ಕೈಬಿಡಬೇಕು, ಅನಂತರ ಕೈಬಿಟ್ಟ ನೆನಪನ್ನೂ ಕೈಬಿಡಬೇಕು. ಎರಡನೆಯದೇ ಕಷ್ಟ.

ಆ ಕಷ್ಟವನ್ನು ಹಗುರ ಮಾಡಲೆಂದೇ ಇರಬೇಕು, ಹಿರಿಯರು ವಿಜಯದಶಮಿಯ ಸಂಜೆಗೆ ಬನ್ನಿಯನ್ನು ಇಟ್ಟರು. ಮುನಿಸಿಕೊಂಡವರೂ ಅಂದು ಎದುರಾದರೆ ಎಲೆಯನ್ನು ಕೊಟ್ಟು, ಪಡೆದು, ಕಿರಿಯರು ಹಿರಿಯರ ಕಾಲಿಗೆ ನಮಸ್ಕರಿಸುತ್ತಾರೆ. ತಪ್ಪು ಯಾರದೆಂದು ಯಾರೂ ಕೇಳುವುದಿಲ್ಲ, ಕ್ಷಮಿಸಿದೆನೆಂದು ಯಾರೂ ಹೇಳುವುದಿಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿದವರು ಮರಾಠಿ ನೆರೆಹೊರೆಯವರು ಆಪಟೆಯ ಎಲೆಯನ್ನು ‘ಸೋನೆ’ ಎಂದು ಹಂಚುವುದನ್ನು ಕಂಡಿದ್ದಾರೆ. ಎಲೆ ಹೊನ್ನಾದ ಬಗೆಗೆ ರಘುಮಹಾರಾಜನ ಕಥೆಯನ್ನು ಹೇಳುವುದುಂಟು. ಗುರು ವರತಂತುವಿಗೆ ಹದಿನಾಲ್ಕು ವಿದ್ಯೆಗಳ ಲೆಕ್ಕಕ್ಕೆ ಹದಿನಾಲ್ಕು ಕೋಟಿ ಹೊನ್ನನ್ನು ಸಲ್ಲಿಸಬೇಕಾಗಿ ಬಂದ ಕೌತ್ಸನು ರಘುವಿನ ಬಳಿಗೆ ಬಂದನು. ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅತಿಥಿಯನ್ನು ಸತ್ಕರಿಸಿದ ರಾಜನು ಕುಬೇರನ ಮೇಲೆ ದಂಡೆತ್ತಲು ನಿಶ್ಚಯಿಸಿದನು. ಅಂದಿನ ರಾತ್ರಿಯೇ ಚಿನ್ನದ ಮಳೆ ಸುರಿಯಿತು. ಕಾಳಿದಾಸನು ಅದು ಬೊಕ್ಕಸದಲ್ಲಿ ಸುರಿಯಿತೆಂದಿದ್ದಾನೆ, ಜನಪದರು ಮರದ ಮೇಲೆ ಸುರಿಯಿತೆನ್ನುತ್ತಾರೆ. ಬಿದ್ದದ್ದೆಲ್ಲ ನಿನ್ನದೇ ಎಂದನು ರಘು. ಗುರುವಿಗೆ ಸಲ್ಲಬೇಕಾದದ್ದಕ್ಕಿಂತ ಒಂದು ಕಾಸೂ ಹೆಚ್ಚು ಬೇಡವೆಂದನು ಕೌತ್ಸ. ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಲೊಲ್ಲ, ಬೇಡಿದವನು ಮುಟ್ಟಲೊಲ್ಲ. ಹೀಗೆ ಯಾರ ಲೆಕ್ಕಕ್ಕೂ ಸೇರದೆ ಉಳಿದ ಆ ಹೊನ್ನನ್ನು ಊರಿನ ಜನರೆಲ್ಲ ಹಂಚಿಕೊಂಡರೆಂದು ಕಥೆ.