ಅಧಿಕಾರಾಕಾಂಕ್ಷೆಯೂ ಕಾಯಕಶುದ್ಧಿಯೂ

ಶರಣಧರ್ಮದಲ್ಲಿ ಕಾಯಕಕ್ಕೆ ಸಲ್ಲುವ ಸ್ಥಾನವು ವಾಚಕರಿಗೆ ವಿದಿತವಾದುದೇ ಆಗಿದೆ. ನೇಯುವವನು, ಮಡಿ ಮಾಡುವವನು, ದೋಣಿ ನಡೆಸುವವನು, ಸೌದೆ ಹೊರುವವನು, ಹಗ್ಗ ಹೊಸೆಯುವವನು, ಇವರೆಲ್ಲರೂ ತಂತಮ್ಮ ದುಡಿಮೆಯಿಂದ ಬಂದುದನ್ನು ಮೊದಲು ಸಮಾಜಕ್ಕೆ ಸಲ್ಲಿಸಿ ಉಳಿದುದನ್ನು ಪ್ರಸಾದವೆಂದು ಉಂಡವರು. ಆದರೆ ಇನ್ನೂ ದುಡಿಯಲಾರಂಭಿಸದೆ, ದುಡಿಮೆಗೆ ಅರ್ಹನಾಗುವುದಕ್ಕಾಗಿಯೇ ಮೂರು, ನಾಲ್ಕು, ಕೆಲವೊಮ್ಮೆ ಏಳೆಂಟು ವರ್ಷಗಳನ್ನು ಪುಸ್ತಕದ ಮುಂದೆ ಕಳೆಯುವವನ ಸ್ಥಿತಿ ಎಂತಹುದು? ಅವನು ಕಾಯಕದ ಒಳಗಿರುವನೋ ಹೊರಗಿರುವನೋ? ಸರ್ಕಾರದ ಅಧಿಕಾರಿಯಾಗಬೇಕೆಂಬ ಅವನ ಹಂಬಲವು ಆಸೆಯೆಂದು ತ್ಯಾಜ್ಯವೋ, ಸೇವೆಯೆಂದು ಗ್ರಾಹ್ಯವೋ? ಹನ್ನೆರಡನೆಯ ಶತಮಾನದಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಹುಟ್ಟಿರಲಿಲ್ಲ. ಇಂದು ಇದು ಹಳ್ಳಿಹಳ್ಳಿಯ ಪಡಸಾಲೆಗಳಲ್ಲಿ ಹುಟ್ಟಿದೆ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನೇ ನೋಡಬಹುದು. ನೇಕಾರ ಶರಣ ದಾಸಿಮಯ್ಯನ ಮುದನೂರು ಇರುವುದು ಈ ನೆಲದಲ್ಲಿಯೇ. ಕೃಷ್ಣೆಯನ್ನು ದಾಟಿದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರೆಂದು ಪರಂಪರೆ ಹೇಳುವ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಜಲಾಶಯಕ್ಕೂ ಬಸವಸಾಗರವೆಂದೇ ಹೆಸರು. ಇಷ್ಟೆಲ್ಲ ಇದ್ದರೂ 2011ರ ಜನಗಣತಿಯಲ್ಲಿ ರಾಜ್ಯದ ಜಿಲ್ಲೆಗಳ ಪೈಕಿ ಅತಿ ಕಡಿಮೆ ಸಾಕ್ಷರತೆ ಕಂಡುಬಂದುದು ಯಾದಗಿರಿಯಲ್ಲಿ, ನೂರಕ್ಕೆ ಸುಮಾರು 52. ಕಾಲುವೆ ಮುಟ್ಟಿದ ಹೊಲದಲ್ಲಿ ಭತ್ತ, ಹತ್ತಿ. ಮುಟ್ಟದ ಹೊಲದಲ್ಲಿ ತೊಗರಿ, ಅದೂ ಮಳೆ ಬಂದರೆ. ಬಾರದ ವರ್ಷ ಗಂಡಹೆಂಡಿರು ಮಕ್ಕಳನ್ನು ಮುದುಕರ ಬಳಿ ಬಿಟ್ಟು ಬೆಂಗಳೂರಿಗೋ ಮುಂಬಯಿಗೋ ಕಟ್ಟಡದ ಕೆಲಸಕ್ಕೆ ಹೋಗುವುದು ಇಲ್ಲಿಯ ವಾಡಿಕೆ. ಇಂತಹ ಮನೆಯಲ್ಲಿ ಒಬ್ಬ ಹುಡುಗನು ಪದವಿ ಮುಗಿಸಿದನೆಂದರೆ ಮನೆಯವರೆಲ್ಲರ ದೃಷ್ಟಿ ಅವನ ಮೇಲೆ ನೆಡುವುದು ಸಹಜ. ಅವನು ಕಲಬುರಗಿಗೋ ಧಾರವಾಡಕ್ಕೋ ವಿಜಯಪುರಕ್ಕೋ ತರಬೇತಿಗೆ ಹೊರಡುತ್ತಾನೆ. ಹೊಲದ ಒಂದು ತುಂಡು ಅಡವಾಗುತ್ತದೆ.

ಈ ಹಂಬಲವನ್ನು ಕೇವಲ ಕುರ್ಚಿಯ ಮೋಹವೆಂದು ತಳ್ಳಿಹಾಕುವವರು ಈ ಸೀಮೆಯ ಚರಿತ್ರೆಯನ್ನು ಮರೆತವರು. ನಿಜಾಮರ ಆಳ್ವಿಕೆಯಲ್ಲಿ 1884ರಿಂದ ಉರ್ದು ಆಡಳಿತಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ತನ್ನ ಹೊಲದ ಕಾಗದವನ್ನು ತಾನೇ ಓದಲಾರದೆ ಇನ್ನೊಬ್ಬನ ಮುಖ ನೋಡಬೇಕಾದ ಕನ್ನಡದ ರೈತನಿಗೆ ಕಚೇರಿಯೆಂಬುದು ಹೊರಗೆ ನಿಲ್ಲುವ ಸ್ಥಳವಾಗಿತ್ತು. 1948ರಲ್ಲಿ ಆ ಆಳ್ವಿಕೆ ಕೊನೆಗೊಂಡಿತು, 1956ರಲ್ಲಿ ಈ ಭಾಗವು ಕನ್ನಡನಾಡಿನೊಡನೆ ಒಂದಾಯಿತು. ಆದರೂ ಮೇಲಧಿಕಾರಿಗಳ ಪಟ್ಟಿಯಲ್ಲಿ ಈ ಭಾಗದವರ ಹೆಸರು ವಿರಳವಾಗಿಯೇ ಉಳಿಯಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ಸೇರಿ, 2013ರ ಆದೇಶದಂತೆ ಸ್ಥಳೀಯ ವೃಂದದ ಎ ಮತ್ತು ಬಿ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 75, ಸಿ ವರ್ಗದಲ್ಲಿ 80, ಡಿ ವರ್ಗದಲ್ಲಿ 85 ಈ ಭಾಗದವರಿಗೆ ಮೀಸಲಾದ ಮೇಲೆ ಬಾಗಿಲು ತೆರೆದಂತಾಯಿತು. ತಲೆತಲಾಂತರದಿಂದ ಹೊರಗೆ ನಿಂತವನ ಮಗನು ಒಳಗೆ ಕೂರಬೇಕೆಂದು ಬಯಸುವುದರಲ್ಲಿ ದೋಷವೇನೂ ಇಲ್ಲ.

ಇಲ್ಲೊಂದು ಆಕ್ಷೇಪವು ತಲೆದೋರುತ್ತದೆ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದ ಮೇಲೆ ತಂದೆಯ ನೇಗಿಲನ್ನು ಬಿಟ್ಟು ತಹಶೀಲ್ದಾರನಾಗಲು ಹಾತೊರೆಯುವುದೇಕೆ? ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಹೊತ್ತನೆಂದು ಪ್ರಸಿದ್ಧನಾದ ಮೋಳಿಗೆಯ ಮಾರಯ್ಯನ ದಾರಿಗೆ ಇದು ತೀರ ವಿರುದ್ಧವಲ್ಲವೇ? ಆಕ್ಷೇಪದಲ್ಲಿ ಬಲವಿದೆ. ಆದರೆ ಮಾರಯ್ಯನ ತ್ಯಾಗದ ಹಿರಿಮೆ ಸೌದೆಯಲ್ಲಿರಲಿಲ್ಲ, ಅರಸುತನದ ಅಹಂಕಾರವನ್ನು ಇಳಿಸಿದುದರಲ್ಲಿತ್ತು. ಕಾಯಕಗಳು ಸಮಾನವಾದರೆ ಅಧಿಕಾರಿಯ ಕಾಯಕವೂ ಅವುಗಳಲ್ಲೊಂದು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹುದ್ದೆಯನ್ನು ಬಯಸುವವನು ಅದನ್ನು ಸೌದೆಯ ಹೊರೆಯಂತೆ ಬಯಸುವನೋ ಸಿಂಹಾಸನದಂತೆ ಬಯಸುವನೋ ಎಂಬುದೇ ಪ್ರಶ್ನೆ. ಇದನ್ನು ಬೇರೆಯವರು ಪರೀಕ್ಷಿಸಲಾರರು. ಸಂದರ್ಶನ ಮಂಡಲಿಯಂತೂ ಪರೀಕ್ಷಿಸಲಾರದು. ಸೇವೆಯೆಂಬ ಶಬ್ದವನ್ನು ಅಲ್ಲಿ ಉಚ್ಚರಿಸದವರು ಯಾರು?

ಇನ್ನು ಸಿದ್ಧತೆಯ ಕಾಲದ ಮಾತು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರೂ ಬಲ್ಲುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಕಂಡು, ಅಂದಂದಿಗೆ ಬೇಕಾದುದನ್ನು ಮೀರಿದ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ದುರಾಸೆಯ ನಿಷೇಧವೆಂದಷ್ಟೇ ಸಾಮಾನ್ಯವಾಗಿ ಬೋಧಿಸುತ್ತಾರೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ತನ್ನ ಪಾಲಿಗಿಂತ ಹೆಚ್ಚು ತಂದವನು ಇನ್ನಾರದೋ ಪಾಲನ್ನು ತಂದಿದ್ದಾನೆ. ತರಬೇತಿಗೆ ಹೋದ ಮಗನಿಗೆ ತಿಂಗಳು ತಿಂಗಳು ಹೋಗುವ ಹಣವು ಯಾರ ಪಾಲು? ಹತ್ತಿ ಬಿಡಿಸುವ ತಾಯಿಯ ಬೆರಳಿನದು, ಬೆಂಗಳೂರಿನಲ್ಲಿ ಇಟ್ಟಿಗೆ ಹೊರುವ ಅಣ್ಣನ ಹೆಗಲಿನದು. ಎಷ್ಟೋ ಮನೆಗಳಲ್ಲಿ ಅದು ತಂಗಿಯ ಪಾಲು. ಹತ್ತನೆಯ ತರಗತಿ ಮುಗಿಸಿದ ಅವಳನ್ನು ಮುಂದೆ ಓದಿಸಲು ಕೈಯಲ್ಲಿ ಹಣವಿಲ್ಲವೆಂದು ಮನೆಯಲ್ಲಿ ಕೂರಿಸಿ, ಅದೇ ವರ್ಷ ಅಣ್ಣನ ಮೂರನೆಯ ಪ್ರಯತ್ನಕ್ಕೆ ಸಾಲ ತರುವುದುಂಟು. ಸ್ತ್ರೀಪುರುಷಭೇದವನ್ನು ಅಲ್ಲಗಳೆದ ಧರ್ಮವನ್ನು ಅನುಸರಿಸುವ ಮನೆಗಳಲ್ಲಿಯೂ ಇದು ನಡೆಯುತ್ತದೆ, ಮತ್ತು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅವಳೂ ಅದೇ ಪರೀಕ್ಷೆಗೆ ಕೂರಬಲ್ಲವಳೆಂಬುದು ಯಾರಿಗೂ ಹೊಳೆಯುವುದಿಲ್ಲ.

ಇದರಿಂದ, ಓದುವವನು ಓದನ್ನು ಬಿಡಬೇಕೆಂಬ ನಿರ್ಣಯ ಹೊರಡುವುದಿಲ್ಲ. ಹೊರಡುವುದೇನೆಂದರೆ, ಅವನ ಓದು ಋಣದ ಮೇಲೆ ನಡೆಯುವ ದುಡಿಮೆ ಎಂಬುದು. ಬಿತ್ತನೆಯ ಕಾಲದಲ್ಲಿ ರೈತನೂ ಪಡೆಯುವುದಕ್ಕಿಂತ ಕೊಡುವುದೇ ಹೆಚ್ಚು. ಆದರೂ ಅದು ಕಾಯಕವೇ. ಆದರೆ ಬೀಜವನ್ನು ಮನೆಯಲ್ಲಿಟ್ಟುಕೊಂಡು ಹೊಲಕ್ಕೆ ಹೋದೆನೆಂದು ಹೇಳುವುದು ಕಾಯಕವಲ್ಲ. ಕೊಠಡಿಯ ಗೆಳೆಯರೊಡನೆ ಹರಟೆಯಲ್ಲಿ ಅರ್ಧ ದಿನ ಕಳೆದು, ಊರಿನಿಂದ ದೂರವಾಣಿ ಬಂದಾಗ ಓದುತ್ತಿರುವೆನೆನ್ನುವವನು ತಾಯಿಗೆ ಮಾತ್ರವಲ್ಲ, ಕಾಯಕಕ್ಕೂ ಸುಳ್ಳು ಹೇಳುತ್ತಾನೆ. ಶೂನ್ಯಸಂಪಾದನೆಯು ನಿರೂಪಿಸುವ ನುಲಿಯ ಚಂದಯ್ಯನ ಪ್ರಸಂಗವು ಇಲ್ಲಿ ನೆನಪಿಗೆ ಬರುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕೆಳಗೆ ಬೀಳಲು, ಅದಕ್ಕಾಗಿ ಕೆಲಸವನ್ನು ನಿಲ್ಲಿಸದೆ ಮುಂದೆ ನಡೆದ ಶರಣನು ಅವನು. ಲಿಂಗಕ್ಕೂ ಕಾಯಕದಿಂದ ವಿನಾಯಿತಿಯಿಲ್ಲವೆಂದ ಆ ನಿಷ್ಠೆಯ ಮುಂದೆ, ಪರೀಕ್ಷೆಗೆ ಓದುವೆನೆಂಬ ಒಂದೇ ಕಾರಣದಿಂದ ಸುಗ್ಗಿಯಲ್ಲಿಯೂ ಹೊಲದ ಕಡೆ ಸುಳಿಯದವನು ಪಡೆಯುವ ವಿನಾಯಿತಿ ಎಷ್ಟು ಸಮರ್ಥನೀಯ?

ಬಸವಣ್ಣನವರ ಜೀವನದಲ್ಲಿಯೇ ಒಂದು ಪರೀಕ್ಷೆಯುಂಟು. ಭಕ್ತಿಯ ಪರೀಕ್ಷೆಗಳನ್ನು ಕುರಿತು ಬಹಳ ಬರೆಯುವವರು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ. ಹರಿಹರನ ಬಸವರಾಜದೇವರ ರಗಳೆಯು ಹೇಳುವಂತೆ, ಕೂಡಲಸಂಗಮದಿಂದ ಮಂಗಳವಾಡಕ್ಕೆ ಬಂದ ತರುಣ ಬಸವಣ್ಣನು ಕರಣಿಕರು ಲೆಕ್ಕ ಬರೆಯುವ ಸ್ಥಳದಲ್ಲಿ ಕುಳಿತು, ಅವರ ಲೆಕ್ಕದಲ್ಲಿ ನುಸುಳಿದ ತಪ್ಪನ್ನು ಕಂಡು ತೋರಿಸಿದನು. ಸಿದ್ಧದಂಡನಾಥನು ಅದನ್ನು ಮೆಚ್ಚಿ ಅವನನ್ನು ಕರಣಿಕರಲ್ಲಿ ಒಬ್ಬನನ್ನಾಗಿ ನೇಮಿಸಿಕೊಂಡನು. ಬಿಜ್ಜಳನ ಭಂಡಾರಿಯ ಪದವಿ ದೊರೆತುದು ಆನಂತರ. ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೆಂದರೆ, ನೇಮಕವು ಕುಲದಿಂದಲೂ ಕಾಣಿಕೆಯಿಂದಲೂ ಆಗಲಿಲ್ಲ, ಎಲ್ಲರೆದುರಿಗೆ ತೋರಿದ ಲೆಕ್ಕದ ಬಲ್ಮೆಯಿಂದ ಆಯಿತು. ಚೀನದೇಶವು ಶತಮಾನಗಳ ಕಾಲ ನಡೆಸಿ 1905ರಲ್ಲಿ ನಿಲ್ಲಿಸಿದ ಅಧಿಕಾರಿಗಳ ಪರೀಕ್ಷೆ, ಇಂಗ್ಲಿಷರು 1855ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸಿವಿಲ್ ಸರ್ವಿಸ್ ಪರೀಕ್ಷೆ, 1951ರಲ್ಲಿ ಮೈಸೂರು ರಾಜ್ಯದಲ್ಲಿ ಸ್ಥಾಪಿತವಾದ ಲೋಕಸೇವಾ ಆಯೋಗ, ಇವೆಲ್ಲವುಗಳ ಹಿಂದಿರುವ ನ್ಯಾಯವೂ ಇದೇ: ಯಾರ ಮಗನೆಂದು ಕೇಳಬೇಡ, ಏನು ಬಲ್ಲನೆಂದು ಕೇಳು. ಕುಲವನ್ನು ಕೇಳಬಾರದೆಂದ ಶರಣರಿಗೆ ಇದಕ್ಕಿಂತ ಒಪ್ಪುವ ನೇಮಕಕ್ರಮವು ಬೇರೊಂದಿರಲಾರದು.

ಆದುದರಿಂದಲೇ ಈ ಕ್ರಮಕ್ಕೆ ಬಗೆಯುವ ದ್ರೋಹವು ಸಾಮಾನ್ಯವಾದ ಕಳವಲ್ಲ. 2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಸುಮಾರು 54 ಸಾವಿರ ಮಂದಿ ಪರೀಕ್ಷೆ ಬರೆದರು. ಕೆಲವರು ಉತ್ತರಪತ್ರಿಕೆಯ ವೃತ್ತಗಳನ್ನು ಖಾಲಿ ಬಿಟ್ಟು ಬಂದು ಆಮೇಲೆ ತುಂಬಿಸಿಕೊಂಡರೆಂಬ ಆರೋಪವೆದ್ದು, ತನಿಖೆಯು ಕಲಬುರಗಿಯ ಪರೀಕ್ಷಾ ಕೇಂದ್ರದಿಂದಲೇ ಆರಂಭವಾಯಿತು. 2022ರ ಏಪ್ರಿಲಿನಲ್ಲಿ ಸರ್ಕಾರವು ಆ ಪರೀಕ್ಷೆಯನ್ನು ರದ್ದುಮಾಡಿತು; ಮರುಪರೀಕ್ಷೆ ನಡೆದುದು 2024ರ ಜನವರಿಯಲ್ಲಿ. ಈ ನಡುವೆ 2023ರ ಅಕ್ಟೋಬರಿನಲ್ಲಿ ನಿಗಮ ಮಂಡಳಿಗಳ ಹುದ್ದೆಗಳ ಪರೀಕ್ಷೆ ನಡೆದಾಗ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಯಂತ್ರವನ್ನು ಅಡಗಿಸಿ ತಂದ ಅಭ್ಯರ್ಥಿಗಳು ಸಿಕ್ಕಿಬಿದ್ದರು. ಬಸವಣ್ಣನು ಕರಣಿಕರ ಲೆಕ್ಕ ತಿದ್ದಿದ ಪರಂಪರೆಯ ನಾಡಿನಲ್ಲಿ ಕಿವಿಯೊಳಗೆ ಯಂತ್ರವಿಟ್ಟುಕೊಂಡು ಲೆಕ್ಕದ ಉತ್ತರ ಕೇಳಿಸಿಕೊಳ್ಳುವ ದಿನ ಬಂದಿತು.

ಇಂತಹ ವ್ಯವಹಾರಕ್ಕೆ ಇಳಿಯುವ ಮನೆಯವರು ಹೇಳುವ ತರ್ಕವೊಂದಿದೆ. ಎಲ್ಲರೂ ಕೊಡುತ್ತಾರೆ, ಕೊಡದ ನಮ್ಮ ಹುಡುಗನು ಮಾತ್ರ ಹಿಂದುಳಿಯುತ್ತಾನೆ. ಒಮ್ಮೆ ಒಳಗೆ ಹೋದ ಮೇಲೆ ಪ್ರಾಮಾಣಿಕನಾಗಿದ್ದರೆ ಸರಿಹೋಯಿತು. ಈ ತರ್ಕವು ಲೆಕ್ಕಕ್ಕೆ ನಿಲ್ಲುವುದಿಲ್ಲ. ಹೊಲ ಮಾರಿ ಕೊಟ್ಟ ಹಣವು ಸಂಬಳದಿಂದ ಬೇಗನೆ ಮರಳುವುದಿಲ್ಲ. ಅದು ಮರಳುವುದು ಪಹಣಿಗಾಗಿ, ಪರಿಹಾರಕ್ಕಾಗಿ, ವೃದ್ಧಾಪ್ಯ ವೇತನಕ್ಕಾಗಿ ಕಚೇರಿಯ ಮುಂದೆ ನಿಂತವರ ಕೈಯಿಂದ. ಅಂದರೆ ತಂದೆಯು ಮಾರಿದ ಹೊಲವನ್ನು ತಂದೆಯಂತಹವರೇ ಮಗನಿಗೆ ತೀರಿಸಬೇಕು. ಬಸವಣ್ಣನು ಭಂಡಾರವನ್ನು ಜಂಗಮರಿಗೆ ಸುರಿದನೆಂದು ಕೊಂಡೆಯರು ಬಿಜ್ಜಳನಿಗೆ ದೂರಿದಾಗ, ಲೆಕ್ಕ ನೋಡಿದರೆ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಕೆಲವರು ಇದನ್ನು ಪವಾಡವೆನ್ನುತ್ತಾರೆ. ದಾಸೋಹಕ್ಕೆ ತನ್ನದನ್ನು ಮಾತ್ರ ಬಳಸಿ ಭಂಡಾರವನ್ನು ಮುಟ್ಟದವನ ಲೆಕ್ಕ ಸರಿಯಾಗಿರುವುದಕ್ಕೆ ಪವಾಡವೇನೂ ಬೇಕಿಲ್ಲ.

ಪ್ರಾಮಾಣಿಕರ ಸಂಕಟವು ಬೇರೆ ಬಗೆಯದು. ರದ್ದಾದ ಆ ಪಟ್ಟಿಯಲ್ಲಿ ನಿಜವಾಗಿ ಓದಿ ಬರೆದವರೂ ಇದ್ದರು. ತಮ್ಮದಲ್ಲದ ತಪ್ಪಿಗೆ ಅವರು ಎರಡು ವರ್ಷಗಳನ್ನು ತೆತ್ತರು. 2024ರ ಆಗಸ್ಟ್ 27ರಂದು 384 ಪತ್ರಾಂಕಿತ ಹುದ್ದೆಗಳಿಗಾಗಿ ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರಶ್ನೆಗಳ ಕನ್ನಡ ಅನುವಾದವೇ ದೋಷಮಯವಾಗಿ, ಕನ್ನಡದಲ್ಲಿ ಓದಿದವನು ಪ್ರಶ್ನೆಯನ್ನೇ ಅರ್ಥಮಾಡಿಕೊಳ್ಳಲಾರದೆ ಹೋದನು. ಡಿಸೆಂಬರ್ 29ರಂದು ಮರಳಿ ಪರೀಕ್ಷೆ ನಡೆದಾಗಲೂ ಅದೇ ದೂರು ಎದ್ದಿತು. ಕನ್ನಡದಲ್ಲಿಯೇ ಅನುಭಾವವನ್ನು ನುಡಿದು ದೇಶಭಾಷೆಗೆ ಮರ್ಯಾದೆ ತಂದ ಶರಣರ ನಾಡಿನಲ್ಲಿ, ಉರ್ದುವಿನ ಕಾಗದವನ್ನು ಓದಲಾರದೆ ನಿಂತ ರೈತನ ಮೊಮ್ಮಗನು ಕನ್ನಡದ ಕಾಗದವನ್ನು ಓದಿಯೂ ತಿಳಿಯಲಾರದೆ ಕೂರಬೇಕಾಯಿತೆಂದರೆ ತಪ್ಪು ಅವನದಲ್ಲ. ಇಲ್ಲಿ ಸಹನೆಯನ್ನು ಬೋಧಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅಂತಹವರು ಬೀದಿಗಿಳಿದು ಕೇಳಿದುದು ಯುಕ್ತವೇ ಆಗಿತ್ತು. ಪರೀಕ್ಷಿಸುವವರ ಕಾಯಕಕ್ಕೂ ಶುದ್ಧಿ ಬೇಕು, ಅನುವಾದಕನ ಕಾಯಕಕ್ಕೂ ಬೇಕು.

ವಯೋಮಿತಿ ಮುಗಿದು ಹುದ್ದೆ ದೊರೆಯದವರು, ದೊರೆತವರಿಗಿಂತ ಎಷ್ಟೋ ಪಾಲು ಹೆಚ್ಚು. 545 ಸ್ಥಾನಗಳಿಗೆ 54 ಸಾವಿರ ಮಂದಿ ಕುಳಿತಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಬರಿಗೈಯಲ್ಲಿ ಮರಳುವುದು ಅವರ ಅಯೋಗ್ಯತೆಯಲ್ಲ, ಅಂಕಗಣಿತ. ಆದರೆ ಊರು ಅಂಕಗಣಿತವನ್ನು ನೋಡುವುದಿಲ್ಲ. ಜಾತ್ರೆಗೆ ಬಂದಾಗ ಇನ್ನೂ ಏನೂ ಆಗಲಿಲ್ಲವೇ ಎಂದು ಕೇಳುತ್ತದೆ. ಕೇಳುವವರಿಗೆ ಅಂಜಿ ಜಾತ್ರೆಗೇ ಬಾರದವರುಂಟು, ಪ್ರಾಣಕ್ಕೆ ಎರವಾದವರೂ ಉಂಟು. ಮಠಗಳು ಪ್ರತಿಭಾ ಪುರಸ್ಕಾರವೆಂದು ಆಯ್ಕೆಯಾದವರಿಗೆ ಶಾಲು ಹೊದಿಸುವುದು ಸರಿಯೇ. ಆಯ್ಕೆಯಾಗದವನು ಅದೇ ಮಠದ ದಾಸೋಹದ ಪಂಕ್ತಿಯಲ್ಲಿ ತಲೆಯೆತ್ತಿ ಕೂರುವಂತಿದೆಯೇ ಎಂಬುದನ್ನೂ ಅವು ನೋಡಿಕೊಳ್ಳಬೇಕಾಗುತ್ತದೆ. ಐದು ವರ್ಷ ಸಂವಿಧಾನವನ್ನೂ ಭೂಕಂದಾಯದ ಕಾನೂನನ್ನೂ ಓದಿದ ತರುಣನು ಊರಿಗೆ ಮರಳಿದರೆ, ನೆರೆಯ ಮುದುಕಿಯ ವೇತನದ ಅರ್ಜಿಯನ್ನು ತಪ್ಪಿಲ್ಲದೆ ಬರೆದುಕೊಡಬಲ್ಲನು, ಪಹಣಿಯಲ್ಲಿ ಹೆಸರು ತಪ್ಪಿದವನಿಗೆ ಯಾವ ಕಚೇರಿಗೆ ಹೋಗಬೇಕೆಂದು ಹೇಳಬಲ್ಲನು, ಮನೆಯಲ್ಲಿ ಕುಳಿತ ತಂಗಿಗೆ ತನ್ನ ಪುಸ್ತಕಗಳನ್ನು ಕೊಡಬಲ್ಲನು. ಶಹಾಪುರ, ಸುರಪುರಗಳ ಕಚೇರಿಗಳ ಮುಂದೆ ಕಾಗದ ಹಿಡಿದು ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತವರ ಸಂಖ್ಯೆ ಇನ್ನೂ ಕಡಿಮೆಯಾಗಿಲ್ಲ.