ಅಜ್ಜಿಯ ಅಬ್ಬಿಯ ಹೆಸರು

ಕರಾವಳಿಯ ತಲ್ಲೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಬೈಲುಗದ್ದೆಗಳ ಅಂಚಿನಲ್ಲಿ ನಾಗಬನಗಳು ಸಿಗುತ್ತವೆ. ಹೋಟೆಲ್ ಕೆಲಸಕ್ಕೆಂದು ಮುಂಬೈ, ಬೆಂಗಳೂರಿಗೆ ಹೋದವರ ಮೊಮ್ಮಕ್ಕಳು ಈ ಕಡೆಗೆಲ್ಲ ತಮ್ಮ ಕುಟುಂಬದ ಮೂಲನಾಗನನ್ನು ಹುಡುಕಿಕೊಂಡು ಬರುವುದುಂಟು. ಮೂಲ ಬಿಟ್ಟುಹೋಗಿದೆ ಎಂದು ಜ್ಯೋತಿಷಿಯ ಪ್ರಶ್ನೆಯಲ್ಲಿ ಕಂಡುಬಂದಿರುತ್ತದೆ. ಊರಿನ ಹಿರಿಯರು ಅವರ ಅಪ್ಪನ ಹೆಸರು ಕೇಳುವುದಿಲ್ಲ. ಕೇಳುವುದು, "ನಿಮ್ದ್ ಯಾವ್ ಬಳಿ?" ಬಳಿ ಎಂದರೆ ಕುಲ, ಅದು ಬರುವುದು ತಾಯಿಯಿಂದ.

ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ನಡೆದ ಸೀಮೆ ಇದು. ಕುಟುಂಬ ಬೆಳೆದದ್ದು ಅಜ್ಜಿ, ಅಬ್ಬಿ (ಅಂದರೆ ತಾಯಿ), ಮಗಳು ಎಂಬ ದಾರಿಯಲ್ಲಿ. ಸರಕಾರದ ಪುಸ್ತಕದಲ್ಲಿ ಮಾತ್ರ ಹೆಚ್ಚಾಗಿ ಯಜಮಾನನ ಹೆಸರೇ. ಹಾಗಾಗಿ ಮೊಬೈಲಿನಲ್ಲಿ ಪಹಣಿ ತೆರೆದು ಹಿರಿಯರನ್ನು ಹುಡುಕಹೊರಟವರಿಗೆ ಸೋದರಮಾವಂದಿರ ಸಾಲು ಸಿಗುತ್ತದೆ, ಅವರನ್ನು ಹೆತ್ತವಳು ಸಿಗುವುದಿಲ್ಲ.

ಅವಳು ಸಿಗುವುದು ವಿಭಾಗಪತ್ರದಲ್ಲಿ. ಈ ಸೀಮೆ ಮದರಾಸಿಗೆ ಸೇರಿದ್ದ ಕಾಲದಲ್ಲಿ, 1949ರಲ್ಲಿ, ಅಳಿಯಸಂತಾನ ಕಾಯ್ದೆ ಬಂತು. ಕುಟುಂಬದ ಆಸ್ತಿಯನ್ನು ಕವರು ಕವರಾಗಿ ಪಾಲು ಮಾಡಿಕೊಳ್ಳಲು ಅದು ದಾರಿ ಕೊಟ್ಟಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಸಂತತಿಯಲ್ಲಿ ಹುಟ್ಟಿದವರೆಲ್ಲ. ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ನಾಲ್ಕು ಗಂಡುಮಕ್ಕಳು ಬದುಕಿದ್ದೂ ಕವರು ನಿಸ್ಸಂತತಿ ಆಗಬಹುದಿತ್ತು! ಈ ಲೆಕ್ಕ ಹಾಕಬೇಕಾದ್ದರಿಂದಲೇ ಪಾಲುಪತ್ರ ಬರೆಯುವವರು ಮನೆಯ ಹೆಂಗಸರ ಹೆಸರು, ವಯಸ್ಸು, ಯಾರು ಯಾರ ಮಗಳು ಎಂಬುದನ್ನೆಲ್ಲ ಬಿಡಿಸಿ ಬರೆದರು. ಯಾರೂ ವಂಶಾವಳಿ ಬರೆಯಬೇಕೆಂದು ಕುಳಿತದ್ದಲ್ಲ, ಆದರೂ ಈ ಊರ ಹೆಂಗಸರ ವಂಶಾವಳಿ ಇಷ್ಟು ಚೆನ್ನಾಗಿ ಉಳಿದ ಕಡೆ ನನಗೆ ಬೇರೆ ಗೊತ್ತಿಲ್ಲ.

ಪಾಲು ಮಾಡಿಕೊಳ್ಳಲು ಭೂಮಿಯೇ ಇಲ್ಲದವರ ಕತೆ ಬೇರೆ. ಬೇರೆಯವರ ಭೂಮಿಯನ್ನು ಗೇಣಿಗೆ ಮಾಡುವ ಚಾಲಗೇಣಿ ಬಹಳ ಮಟ್ಟಿಗೆ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಎಷ್ಟೋ ಒಕ್ಕಲು ಮನೆಗಳ ಹೆಸರು ಸರಕಾರಿ ಕಾಗದಕ್ಕೆ ಮೊದಲು ಏರಿದ್ದು 1974ರ ಭೂಸುಧಾರಣೆಯ ನಂತರ, ಉಳುವ ಭೂಮಿಯ ಹಕ್ಕಿಗಾಗಿ 'ಡಿಕ್ಲರೇಶನ್' ಕೊಟ್ಟಾಗ. ಅದರ ಹಿಂದಿನ ತಲೆಮಾರುಗಳು ಕೇವಲ ನೆನಪಿನಲ್ಲಿವೆ. ಆ ನೆನಪಿನವರಿಗೆ ಈಗ ಎಂಬತ್ತು ದಾಟಿದೆ. ಇದು ನನ್ನನ್ನು ತುಂಬಾ ಕಾಡುತ್ತದೆ.

ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಒಂದು ವಿಭಾಗಪತ್ರವಿದೆ. ಮಡಿಕೆಯಲ್ಲಿ ಹರಿದಿದೆ, ಕೂಡಿಸಿ ಬರೆದ ಅಕ್ಷರ ಓದಲು ಎರಡು ದಿನ ಬೇಕಾಯಿತು. ಅದರಲ್ಲಿ ನನ್ನ ಅಜ್ಜಿ ಹದಿನೇಳರ ಹುಡುಗಿ. ಅವಳ ಅಬ್ಬಿಯ ಹೆಸರಿನ ಮುಂದೆ ಸಹಿ ಇಲ್ಲ, ಹೆಬ್ಬೆಟ್ಟಿನ ಗುರುತಿದೆ. ಶಾಯಿ ಹೆಚ್ಚಾಗಿ ಸ್ವಲ್ಪ ಹರಡಿದೆ. ಅದರ ಮೇಲೆ ನನ್ನ ಹೆಬ್ಬೆರಳಿಟ್ಟು ನೋಡಿದೆ. ಅವಳದ್ದು ನನ್ನದಕ್ಕಿಂತ ಅಗಲ. ನಾಟಿ ಮಾಡಿದ ಕೈ.

ಅವಳನ್ನು ಹೆತ್ತವಳು ಮಾತ್ರ ಕಾಗದದಲ್ಲಿ 'ಮೃತಳಾದ ಹಿರಿಯಳು' ಅಷ್ಟೇ, ಹೆಸರಿಲ್ಲ. ಪಾಲು ಸಲ್ಲುವುದು ಬದುಕಿದ್ದವರಿಗೆ ತಾನೇ. ಪತ್ರ ಹಿಡಿದುಕೊಂಡು ದೊಡ್ಡಮ್ಮನ ಹತ್ತಿರ ಹೋದೆ. ಅವರು ಜಗಲಿಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಅಜ್ಜಿಯ ಅಬ್ಬಿಯ ಅಬ್ಬಿಗೆ ಎಂತ ಹೆಸರು ಎಂದು ಕೇಳಿದೆ. ಇಷ್ಟು ವರ್ಷ ಇದನ್ನು ತಿಳಿಯದೆ ಹೇಗಿದ್ದೆ ಎಂಬಂತೆ ನನ್ನ ಮುಖ ನೋಡಿದರು.

"ಅವ್ರ್ ಹೆಸ್ರೇ ಅಲ್ದಾ ಮಗಾ ನಂಗ್ ಇಟ್ಟದ್ದ್?"