ಲೆಕ್ಕ ತೋರಿಸದ ಪಾಲುದಾರಿಕೆ

ಚಿಕ್ಕಪೇಟೆಯ ಬಟ್ಟೆ ಅಂಗಡಿಯವರಾಗಲಿ, ಮುಂಬೈಗೆ ಹೋಗಿ ಹೋಟೆಲು ತೆರೆದ ಉಡುಪಿಯವರಾಗಲಿ ‘ಇವರು ನಮ್ಮ ಪಾರ್ಟ್‌ನರ್’ ಎಂದು ಪರಿಚಯಿಸಿದರೆ ಕೇಳಿದವರಿಗೆ ಗೊಂದಲವಿರುತ್ತಿರಲಿಲ್ಲ. ಆ ಮನುಷ್ಯ ಬಂಡವಾಳ ಹಾಕಿದ್ದಾನೆ, ಇಲ್ಲವೇ ಅದಕ್ಕೆ ಸಮನಾಗಿ ದುಡಿಮೆ ಹಾಕಿದ್ದಾನೆ. ಗಲ್ಲಾಪೆಟ್ಟಿಗೆಯ ಮೇಲೆ ಅವನಿಗೂ ಹಕ್ಕಿದೆ. ದೀಪಾವಳಿಗೋ ಯುಗಾದಿಗೋ ಲೆಕ್ಕದ ಪುಸ್ತಕ ಬಿಚ್ಚಿದಾಗ ಅವನೂ ಎದುರು ಕೂರುತ್ತಾನೆ. ಅಂಗಡಿ ಮುಳುಗಿದರೆ ಸಾಲ ಕೊಟ್ಟವರು ಅವನ ಮನೆ ಬಾಗಿಲನ್ನೂ ತಟ್ಟುತ್ತಾರೆ. ಇಂಗ್ಲಿಷಿನಿಂದ ಬಂದ ಈ ಪದ ನಮ್ಮ ಪೇಟೆಗಳಲ್ಲಿ ಬೇರು ಬಿಟ್ಟದ್ದು ಹೊಣೆ ಮತ್ತು ಹಕ್ಕು ಎರಡನ್ನೂ ಜೊತೆಗೆ ಹೊತ್ತುಕೊಂಡು.

ಈಗ ಅದೇ ಪದ ಊಟ ತಂದುಕೊಡುವ ಹುಡುಗನಿಗೂ, ಕ್ಯಾಬ್ ಓಡಿಸುವವನಿಗೂ, ಮನೆಗೆ ಬಂದು ಫ್ರಿಜ್ ರಿಪೇರಿ ಮಾಡುವವನಿಗೂ ಸಂದಿದೆ: ಡೆಲಿವರಿ ಪಾರ್ಟ್‌ನರ್, ಡ್ರೈವರ್ ಪಾರ್ಟ್‌ನರ್, ಸರ್ವಿಸ್ ಪಾರ್ಟ್‌ನರ್. ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿದ್ದ ಗಿಗ್ ಕಾರ್ಮಿಕರು 77 ಲಕ್ಷ. 2029–30ರ ಹೊತ್ತಿಗೆ ಈ ಸಂಖ್ಯೆ 2.35 ಕೋಟಿ ಮುಟ್ಟಲಿದೆ. ಇಷ್ಟು ಜನರ ದುಡಿಮೆಗೆ ಇಟ್ಟ ಹೆಸರು ನಿಜವೇ ಎಂದು ಕೇಳಬೇಕಾಗಿದೆ. ನಿಜವಲ್ಲ ಎಂಬುದು ನನ್ನ ಉತ್ತರ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಈ ವಿಚಾರದಲ್ಲಿ ಬಹಳ ಸ್ಪಷ್ಟವಾಗಿ ಯೋಚಿಸಿದೆ. ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಿನ ಸಂಬಂಧವೇ ಪಾಲುದಾರಿಕೆ ಎಂದು 4ನೇ ಸೆಕ್ಷನ್ ಹೇಳುತ್ತದೆ. 6ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ನಿಜವಾದ ಸಂಬಂಧ ಯಾವುದೆಂದು ಎಲ್ಲ ಸಂಗತಿಗಳನ್ನೂ ಒಟ್ಟಿಗೆ ನೋಡಿ ತೀರ್ಮಾನಿಸಬೇಕು ಎನ್ನುತ್ತದೆ. ನೌಕರನಿಗೆ ಲಾಭದಲ್ಲೊಂದು ಭಾಗ ಕೊಟ್ಟ ಮಾತ್ರಕ್ಕೇ ಅವನು ಪಾಲುದಾರನಾಗಿಬಿಡುವುದಿಲ್ಲ. ಪಾಲುದಾರರು ಒಬ್ಬರಿಗೊಬ್ಬರು ಸತ್ಯವಾದ ಲೆಕ್ಕ ಕೊಡಬೇಕು (9ನೇ ಸೆಕ್ಷನ್). ಪುಸ್ತಕಗಳನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ (12). ಒಪ್ಪಂದದಲ್ಲಿ ಅಧಿಕಾರವಿದ್ದು, ಅದನ್ನು ಸದುದ್ದೇಶದಿಂದ ಬಳಸದ ಹೊರತು, ಬಹುಮತವಿದೆಯೆಂದು ಒಬ್ಬನನ್ನು ಹೊರದಬ್ಬುವಂತಿಲ್ಲ (33).

ಕಂಪನಿಗಳೇನೂ ಈ ಕಾಯ್ದೆಯಡಿ ಡೀಡ್ ಬರೆದುಕೊಟ್ಟಿಲ್ಲ. ಅವರ ಒಪ್ಪಂದಗಳು ಈ ದುಡಿಮೆಗಾರರನ್ನು ಸ್ವತಂತ್ರ ಗುತ್ತಿಗೆದಾರರೆಂದೇ ಕಾಣುತ್ತವೆ. ಹಾಗಾದರೆ ಜಾಹೀರಾತಿನಲ್ಲಿ, ಆಪ್‌ನಲ್ಲಿ, ಟೀ ಶರ್ಟಿನ ಬೆನ್ನ ಮೇಲೆ ಪಾರ್ಟ್‌ನರ್ ಎಂಬ ಪದ ಮಾಡುತ್ತಿರುವ ಕೆಲಸವೇನು? ಸಂಬಳ, ಪಿ.ಎಫ್., ಇ.ಎಸ್.ಐ., ರಜೆ, ಅಪಘಾತದ ಪರಿಹಾರ, ಇವೆಲ್ಲ ನೌಕರನೊಬ್ಬ ಮಾಲೀಕನಿಗೆ ಕೇಳುವ ಮಾತುಗಳು. ಪಾಲುದಾರ ಪಾಲುದಾರನಿಗೆ ಇವನ್ನು ಕೇಳುವುದಿಲ್ಲ. ದುಡಿಮೆಗಾರನನ್ನು ಪಾರ್ಟ್‌ನರ್ ಎಂದು ಕರೆದೊಡನೆ ಈ ಪ್ರಶ್ನೆಗಳು ಕೇಳುವ ಮೊದಲೇ ನಿಂತುಹೋಗುತ್ತವೆ. ಪಾಲುದಾರನ ಹಕ್ಕು ಅವನಿಗೆ ಸಿಗಲಿಲ್ಲ, ನೌಕರನ ಹಕ್ಕೂ ಹೋಯಿತು.

ಸಿಕ್ಕಿದ್ದು ನಷ್ಟದ ಪಾಲು. ಪೆಟ್ರೋಲು ಅವನದು, ಬೈಕಿನ ಕಂತು ಅವನದು, ಮೊಬೈಲ್ ಡೇಟಾ, ಪಂಕ್ಚರು, ಟ್ರಾಫಿಕ್ ದಂಡ, ಮಳೆಯಲ್ಲಿ ನೆನೆದು ಬಂದ ಜ್ವರ ಅವನವು. ಆರ್ಡರ್ ಬಾರದೆ ಹೋಟೆಲಿನ ಮುಂದೆ ಕಾದ ಹೊತ್ತಿಗೆ ಬೆಲೆಯಿಲ್ಲ. ಕಂಪನಿಯ ಬೆಲೆ ಶೇರುಪೇಟೆಯಲ್ಲಿ ಏರಿದ ದಿನವೂ ಅವನ ಕಿಲೋಮೀಟರಿನ ದರ ಅಷ್ಟೇ ಇರುತ್ತದೆ. ಆ ದರ ಬದಲಾದರೆ ಅದು ಫೋನಿನ ಪರದೆಯ ಮೇಲೆ ತಿಳಿಯುತ್ತದೆ, ಮಾತುಕತೆಯಿಲ್ಲ. ನಮ್ಮ ಹಳ್ಳಿಗಳ ಕೋರುಪಾಲಿನಲ್ಲಿ ಅನ್ಯಾಯ ಸಾಕಷ್ಟಿತ್ತು. ಅದಕ್ಕೇ 1974ರ ಭೂಸುಧಾರಣೆ ತಿದ್ದುಪಡಿ ಬೇಕಾಯಿತು. ಆದರೂ ಅಲ್ಲಿ ರಾಶಿ ಕಣದಲ್ಲಿ ಕಣ್ಣೆದುರೇ ಇರುತ್ತಿತ್ತು, ಕೊಳಗ ತುಂಬುವುದು ಕಾಣುತ್ತಿತ್ತು. ತನಗೆ ಎಷ್ಟರಲ್ಲಿ ಎಷ್ಟು ಸಂದಿತು ಎಂದು ಗೇಣಿದಾರನಿಗೆ ಗೊತ್ತಿತ್ತು. ಇಂದಿನ ಪಾರ್ಟ್‌ನರ್‌ಗೆ ರಾಶಿಯೇ ಕಾಣುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ವಾದವೊಂದಿದೆ, ಅದನ್ನು ತಳ್ಳಿಹಾಕಲಾರೆ. ಬೇಕೆಂದಾಗ ಲಾಗಿನ್, ಬೇಡವೆಂದಾಗ ಲಾಗೌಟ್. ಮೇಲೆ ನಿಂತು ಗದರುವ ಸೂಪರ್‌ವೈಸರ್ ಇಲ್ಲ. ರಾಯಚೂರಿನಿಂದಲೋ ಹಾಸನದಿಂದಲೋ ಬಂದ ಯುವಕನಿಗೆ ಬಾಗಿಲಲ್ಲಿ ಕಾದು, ಶಿಫಾರಸು ಹಿಡಿದು ಕೆಲಸ ಬೇಡುವ ಕಷ್ಟ ಇಲ್ಲಿಲ್ಲ. ಈ ಸ್ವಾತಂತ್ರ್ಯಕ್ಕೆ ಬೆಲೆಯಿದೆ. ಆದರೆ ಕೆಲಸಕ್ಕೆ ಯಾವಾಗ ಬರಬೇಕೆಂಬ ಸ್ವಾತಂತ್ರ್ಯ ಬೇರೆ, ಬಂದ ಮೇಲೆ ದರ ಮತ್ತು ಷರತ್ತು ನಿರ್ಧರಿಸುವ ಸ್ವಾತಂತ್ರ್ಯ ಬೇರೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 19ರಂದು ಊಬರ್ ಪ್ರಕರಣದಲ್ಲಿ ಈ ಗೆರೆಯನ್ನೇ ಎಳೆಯಿತು. ದರ ಗೊತ್ತುಮಾಡುವುದು ಕಂಪನಿ, ಷರತ್ತು ಬರೆಯುವುದು ಕಂಪನಿ, ರೇಟಿಂಗ್ ಇಟ್ಟು ಶಿಕ್ಷಿಸುವುದೂ ಕಂಪನಿ. ಹಾಗಿರುವಾಗ ಚಾಲಕರು ಸ್ವಂತ ಉದ್ದಿಮೆದಾರರಲ್ಲ, ಕನಿಷ್ಠ ವೇತನ ಮತ್ತು ವೇತನಸಹಿತ ರಜೆಗೆ ಹಕ್ಕುಳ್ಳ ಕಾರ್ಮಿಕರು ಎಂದಿತು. ಕಾಗದದಲ್ಲಿ ಬರೆದ ಮಾತಿಗಿಂತ ನಡೆಯುತ್ತಿರುವ ಸಂಗತಿಗೆ ತೂಕ ಕೊಟ್ಟಿತು.

ಇಷ್ಟಾಗಿಯೂ ಈ ಪದವನ್ನು ನಿಘಂಟಿನಿಂದ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಪ್ರಾಮಾಣಿಕವಾಗಿ ಬಳಸಿದವರಿದ್ದಾರೆ. ಇಂಗ್ಲೆಂಡಿನ ಜಾನ್ ಲೂಯಿಸ್ ಅಂಗಡಿಗಳನ್ನು ಅವುಗಳ ಒಡೆಯ 1929ರಲ್ಲಿ ಕೆಲಸಗಾರರ ಹಿತಕ್ಕಾಗಿ ಟ್ರಸ್ಟ್‌ಗೆ ಒಪ್ಪಿಸುವ ಕೆಲಸ ಶುರುಮಾಡಿದ. ಅಲ್ಲಿ ಕೌಂಟರಿನ ಹಿಂದೆ ನಿಂತವರೂ ಪಾರ್ಟ್‌ನರ್‌ಗಳೇ. ಲಾಭದಿಂದ ಬೋನಸ್ಸು, ಚುನಾಯಿತ ಮಂಡಳಿಯಲ್ಲಿ ದನಿ. 2021ರಲ್ಲಿ, 1953ರ ನಂತರ ಮೊದಲ ಬಾರಿಗೆ, ಅವರಿಗೆ ಬೋನಸ್ಸು ಸಿಗಲಿಲ್ಲ. ಸೋಲನ್ನೂ ಅವರು ಹಂಚಿಕೊಂಡರು. ನಮ್ಮಲ್ಲೇ ಹೆಸರಿನ ಆಡಂಬರವಿಲ್ಲದೆ ಇದು ನಡೆದಿದೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ, ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು, ಬೆಂಗಳೂರಿನಲ್ಲಿ. ಪೇಟ ಕಟ್ಟಿ ಕಾಫಿ ತಂದಿಡುವವರನ್ನು ಯಾರೂ ಪಾರ್ಟ್‌ನರ್ ಎನ್ನಲಿಲ್ಲ, ಆದರೆ ಹೋಟೆಲು ಅವರದಾಗಿತ್ತು.

ಕರ್ನಾಟಕದ 2025ರ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಕೂಡ ಆಪ್‌ಗಳಿಗಾಗಿ ದುಡಿಯುವವರನ್ನು ಪಾರ್ಟ್‌ನರ್ ಎನ್ನುವುದಿಲ್ಲ, ಕಾರ್ಮಿಕ ಎನ್ನುತ್ತದೆ. ಅದು ಒಳ್ಳೆಯ ಆರಂಭ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವಾಗ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸು ಕೊಡಬೇಕು. ಇದರ ಜೊತೆಗೆ ಲೆಕ್ಕದ ಪುಸ್ತಕವೂ ತೆರೆಯಲಿ. ಗ್ರಾಹಕ ಕೊಟ್ಟದ್ದೆಷ್ಟು, ಕಂಪನಿ ಇಟ್ಟುಕೊಂಡದ್ದೆಷ್ಟು, ದುಡಿದವನ ಕೈಗೆ ಬಂದದ್ದೆಷ್ಟು ಎಂಬ ಮೂರು ಅಂಕಿಗಳು ಪ್ರತಿ ಆರ್ಡರಿನ ಕೊನೆಗೆ ಅವನ ಫೋನಿನಲ್ಲೂ ನಮ್ಮ ಬಿಲ್ಲಿನಲ್ಲೂ ಕಾಣುವಂತೆ ಸರ್ಕಾರ ನಿಯಮ ಮಾಡಲಿ. ಇದನ್ನು ಕೇಳುವ ಹಕ್ಕು ಬಿಲ್ಲು ಕಟ್ಟುವ ನಮಗೂ ಇದೆ. ಕೇಳೋಣ.